ಎಲೆ ಕತ್ತರಿಸುವ ಇರುವೆ ಎಲೆ ಮುಟ್ಟುತ್ತಿಲ್ಲ, ಯಾಕೆ?

ಪ್ರಶ್ನೆ (ಸುಂಟಿಕೊಪ್ಪದಿಂದ): ಸರ್, ನನ್ನ ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಎಲೆ ಕತ್ತರಿಸುವ ಇರುವೆ ಸಾಕಿದ್ದಾನೆ, ಅಕ್ರೊಮಿರ್ಮೆಕ್ಸ್ ಜಾತಿಯಂತೆ. ನವೆಂಬರ್‌ವರೆಗೆ ಚೆನ್ನಾಗಿತ್ತು. ತೆಂಗಿನಕಾಯಿಯಷ್ಟಿದ್ದ ಫಂಗಸ್ ಮುದ್ದೆ ಈಗ ಕಿತ್ತಳೆಯಷ್ಟಾಗಿದೆ. ಹೂವಿನಂಗಡಿಯಿಂದ ತಂದ ಗುಲಾಬಿ ಎಲೆ ಹಾಕಿದರೆ ಮೊದಲು ಹೊತ್ತುಕೊಂಡು ಹೋಗುತ್ತಿದ್ದವು, ಈಗ ಮೂಸಿಯೂ ನೋಡುವುದಿಲ್ಲ. ಇರುವೆಗಳೇನೋ ಓಡಾಡಿಕೊಂಡಿವೆ. ಗಾಬರಿಯಾಗಿ ನನಗೆ ಫೋನ್ ಮಾಡುತ್ತಾನೆ. ನನಗೆ ಗೊತ್ತಿರುವುದು ಕಾಫಿ ಕುಯ್ಯುವಾಗ ಕಚ್ಚುವ ಚಿಗಳಿ ಮಾತ್ರ!

ಉತ್ತರ (ಕೀಟತಜ್ಞ): ಅಮ್ಮಾ, ನೀವು ತೋಟದವರು, ನಿಮಗೆ ಬೇಗ ಅರ್ಥವಾಗುತ್ತದೆ. ಈ ಇರುವೆ ಎಲೆ ತಿನ್ನುವುದಿಲ್ಲ. ಕತ್ತರಿಸುವಾಗ ಒಸರುವ ರಸ ಕುಡಿಯುತ್ತದೆ, ಅಷ್ಟೇ. ಎಲೆಯನ್ನು ಜಗಿದು ಫಂಗಸ್‌ಗೆ ಗೊಬ್ಬರದ ಹಾಗೆ ಹಾಕುತ್ತದೆ. ಆ ಫಂಗಸ್ಸೇ ಇರುವೆಯ ಮರಿಹುಳುಗಳ ಊಟ. ಹಾಗಾಗಿ ಇರುವೆ ಓಡಾಡಿಕೊಂಡಿದೆ ಅಂತ ಸಮಾಧಾನ ಪಡಬೇಡಿ. ಆ ಫಂಗಸ್ ಮುದ್ದೆಯೇ ಅವುಗಳ ತೋಟ, ಅದು ಸತ್ತ ಮೇಲೂ ಅವು ಕೆಲವು ದಿನ ಓಡಾಡುತ್ತವೆ.

ನನಗೆ ಮೊದಲ ಅನುಮಾನ ಆ ಗುಲಾಬಿ ಎಲೆ ಮೇಲೆ. ಮಾರಾಟಕ್ಕೆ ಬೆಳೆದ ಗುಲಾಬಿಗೆ ಕೀಟನಾಶಕದ ಜೊತೆ ಫಂಗಸ್ ಕೊಲ್ಲುವ ಔಷಧವನ್ನೂ ಹೊಡೆದಿರುತ್ತಾರೆ. ನಾವು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವುದು ಯಾಕೆ? ಫಂಗಸ್ ಬರಬಾರದು ಅಂತ ತಾನೇ? ಅಂಥ ಎಲೆ ಇವುಗಳ ತೋಟಕ್ಕೆ ಹೋದರೆ ಕಥೆ ಮುಗಿಯಿತು. ವಿಷ ಇರುವೆಗೆ ಮೊದಲೇ ತಿಳಿಯುವುದಿಲ್ಲ. ಹೊತ್ತು ತಂದು ತೋಟಕ್ಕೆ ಹಾಕಿ, ಅದು ಸೊರಗಿದ ಮೇಲೆ ಗೊತ್ತಾಗುತ್ತದೆ. ಆಮೇಲೆ ಅದೇ ಜಾತಿಯ ಎಲೆಯನ್ನು ವಾರಗಟ್ಟಲೆ ಮುಟ್ಟುವುದಿಲ್ಲ, ಒಳ್ಳೆಯ ಎಲೆ ಕೊಟ್ಟರೂ ಸರಿ. ನಿಮ್ಮ ಮಗ ನೋಡುತ್ತಿರುವುದು ಇದನ್ನೇ ಇರಬೇಕು. ಗುಲಾಬಿ ಪೂರ್ತಿ ನಿಲ್ಲಿಸಲಿ. ಅಲ್ಲಿ ಬೇಲಿಯಲ್ಲಿ ಬೆಳೆಯುವ ಬ್ಲ್ಯಾಕ್‌ಬೆರಿ ಚಳಿಗಾಲದಲ್ಲೂ ಹಸಿರಾಗಿರುತ್ತದೆ, ರಸ್ತೆಯಿಂದ ದೂರ ಇರುವುದನ್ನು ತಂದು ತೊಳೆದು ಕೊಡಲಿ. ಜೊತೆಗೆ ಒಂದು ಚಿಟಿಕೆ ಓಟ್ಸ್, ಸೇಬಿನ ಚೂರು. ಸ್ವಲ್ಪ ಸ್ವಲ್ಪವೇ, ಪ್ರೀತಿ ಅಂತ ಗುಡ್ಡೆ ಹಾಕುವುದು ಬೇಡ.

ಎರಡನೆಯದು ಹೀಟರ್. ನವೆಂಬರ್ ಅಂದಿರಲ್ಲ, ಅಲ್ಲಿ ಮನೆಯೊಳಗೆ ಹೀಟರ್ ಹಾಕುವ ಕಾಲ ಅದು. ಗಾಳಿ ಪೂರ್ತಿ ಒಣಗುತ್ತದೆ. ಫಂಗಸ್ ಡಬ್ಬಿಯೊಳಗೆ ತೇವಾಂಶ ಶೇ. 80ಕ್ಕಿಂತ ಜಾಸ್ತಿ ಇರಬೇಕು, ಶಾಖ 24-25 ಡಿಗ್ರಿ ಸಾಕು. ಹಾಗಂತ ನೀರು ಚಿಮುಕಿಸಬಾರದು. ಗೋಡೆ ಮೇಲೆ ಹನಿ ಇಳಿಯುವಷ್ಟಾದರೆ ಬೇರೆ ಬೂಸ್ಟು ಬರುತ್ತದೆ. ಡಬ್ಬಿಯ ತಳದಲ್ಲಿ ಒದ್ದೆ ಜೇಡಿ ಉಂಡೆ ಹಾಕಿ, ಮುಚ್ಚಳದಲ್ಲಿ ಸಣ್ಣ ತೂತು ಇಟ್ಟರೆ ಆಯಿತು. ಫಂಗಸ್ಸೂ ಉಸಿರಾಡಬೇಕು, ಅಲ್ವಾ?

ಒಂದು ಕೇಳುವುದು ಮರೆತೆ. ಕಸ ಎಲ್ಲಿ ಹಾಕುತ್ತಿವೆ?

ಪ್ರಶ್ನೆ (ಸುಂಟಿಕೊಪ್ಪದಿಂದ): ಮಗನನ್ನು ಕೇಳಿದೆ. ಕಸಕ್ಕೆ ಬೇರೆ ಡಬ್ಬಿ ಇಟ್ಟಿಲ್ಲವಂತೆ, ಎಲೆ ಹಾಕುವ ಜಾಗದ ಮೂಲೆಯಲ್ಲೇ ಗುಡ್ಡೆಯಾಗಿದೆ. ರಾಣಿ ಇದೆಯೋ ಇಲ್ಲವೋ ಕಾಣುವುದಿಲ್ಲ.

ಉತ್ತರ: ಕಸಕ್ಕೆ ಬೇರೆ ಡಬ್ಬಿಯನ್ನು ಇವತ್ತೇ ಜೋಡಿಸಲಿ. ಇವುಗಳ ದೊಡ್ಡ ಶತ್ರು ಎಸ್ಕೊವೊಪ್ಸಿಸ್ ಅನ್ನುವ ಇನ್ನೊಂದು ಫಂಗಸ್, ಅದು ತೋಟವನ್ನೇ ತಿನ್ನುತ್ತದೆ. ಕಸದಲ್ಲಿ ಅದು ಇರಬಹುದು. ಅಕ್ರೊಮಿರ್ಮೆಕ್ಸ್ ಮೈಮೇಲೆ ಬಿಳಿ ಪುಡಿ ಕಂಡರೆ ಒರೆಸಲು ಹೋಗಬೇಡಿ ಅನ್ನಿ. ಅದು ಬ್ಯಾಕ್ಟೀರಿಯಾ, ಈ ಶತ್ರುವಿಗೆ ಅವು ಮೈಮೇಲೇ ಬೆಳೆಸಿಕೊಂಡ ಔಷಧ.

ರಾಣಿಯನ್ನು ಹುಡುಕಲು ಮುದ್ದೆ ಕೆದಕುವುದು ಬೇಡ. ಬಿಳಿ ಮರಿಹುಳು ಕಾಣುತ್ತಿದ್ದರೆ ಸದ್ಯಕ್ಕೆ ನಂಬಿಕೊಳ್ಳಬಹುದು. ರಾಣಿ ಹೋಗಿದ್ದರೆ ಮಾತ್ರ ಏನೂ ಮಾಡಲಾಗದು, ಇವು ಹೊಸ ರಾಣಿಯನ್ನು ಸೇರಿಸಿಕೊಳ್ಳುವುದು ತೀರಾ ಅಪರೂಪ.

ಪ್ರಶ್ನೆ (ವಿರಾಜಪೇಟೆ, ಪಿಯುಸಿ ವಿದ್ಯಾರ್ಥಿ): ಸರ್, ಆ ಅಣ್ಣ ಊರಿಗೆ ಬರುವಾಗ ಒಂದು ಡಬ್ಬಿ ತರಬಹುದಾ? ಮಡಿಕೇರಿ ಮಳೆಗಾಲದಲ್ಲಿ ಚಪ್ಪಲಿ ಮೇಲೂ ಫಂಗಸ್ ಬರುತ್ತದೆ, ತೇವಾಂಶದ ಚಿಂತೆಯೇ ಇಲ್ಲ!

ಉತ್ತರ: ಖಂಡಿತ ಬೇಡ. ಇವು ಅಮೆರಿಕ ಖಂಡಗಳ ಇರುವೆಗಳು. ಅನುಮತಿ ಇಲ್ಲದೆ ಇಂಥ ಕೀಟ ತರುವುದು ಕಾನೂನಿಗೆ ವಿರುದ್ಧ. ಸಸ್ಯ ಕ್ವಾರಂಟೈನ್ ಆದೇಶ 2003ರಲ್ಲೇ ಬಂದಿದೆ. ದಕ್ಷಿಣ ಅಮೆರಿಕದಲ್ಲಿ ಇವು ಕಾಫಿ, ಕಿತ್ತಳೆ ಎರಡನ್ನೂ ಬೋಳಿಸುತ್ತವೆ. ಕೊಡಗಿನಲ್ಲಿ ಇನ್ನೇನು ಉಳಿಯುತ್ತದೆ ಹೇಳು?

ಆದರೆ ಫಂಗಸ್ ತೋಟ ಮಾಡುವವರು ನಿನ್ನ ಕಾಲ ಕೆಳಗೇ ಇದ್ದಾರೆ. ಗೆದ್ದಲು! ಮೊದಲ ಮಳೆ ಬಿದ್ದಾಗ ಹುತ್ತದ ಹತ್ತಿರ ಏಳುವ ಕುಮ್ಮು ತಿಂದಿದ್ದೀಯಲ್ಲ? ಅದು ಗೆದ್ದಲಿನ ತೋಟದಿಂದ ಮೇಲೆ ಬಂದ ಅಣಬೆ. ಕಾಫಿ ಗುಂಡಿ ತೆಗೆಯುವಾಗ ಸ್ಪಂಜಿನಂಥ ಕಂದು ಮುದ್ದೆ ಸಿಗುತ್ತದಲ್ಲ, ಅದೇ ಆ ತೋಟ. ಮುಂದಿನ ಸಲ ಸಿಕ್ಕಾಗ ಒಂದು ಚೂರು ತಾ. ಪೂಜೆ ಮಾಡುವ ಹುತ್ತ ಮುಟ್ಟಬೇಡ, ಮನೆಯವರಿಂದ ನನಗೆ ಬೈಗುಳ ಬರುತ್ತದೆ. ಚೂರಿನಲ್ಲಿರುವ ಗೆದ್ದಲನ್ನೆಲ್ಲ ತೆಗೆದು, ಒದ್ದೆ ಕಾಗದದ ಜೊತೆ ಗಾಜಿನ ಬಾಟಲಿಯಲ್ಲಿಡು. ಕೆಲವೇ ದಿನಗಳಲ್ಲಿ ಬೇರೆ ಬೂಸ್ಟು ಅದನ್ನು ನುಂಗಿಬಿಡುತ್ತದೆ, ಆಮೇಲೆ ಕಡ್ಡಿಯಂಥವು ಮೇಲೇಳುತ್ತವೆ. ಹುತ್ತದೊಳಗೆ ಆ ಕಳೆ ಕೀಳುತ್ತಿದ್ದವರು ಯಾರು ಅಂತ ಆಗ ಗೊತ್ತಾಗುತ್ತದೆ. ಫೋಟೊ ತೆಗೆದು ಇಲ್ಲಿ ಹಾಕು.

ಪ್ರಶ್ನೆ (ಸುಂಟಿಕೊಪ್ಪದಿಂದ): ಸರ್, ಮಗ ಬ್ಲ್ಯಾಕ್‌ಬೆರಿ ಎಲೆ ಹಾಕಿದನಂತೆ. ರಾತ್ರಿ ನಾಲ್ಕು ಚೂರು ಒಳಗೆ ಹೋಗಿದೆ.

ಉತ್ತರ: ನಾಲ್ಕಾದರೂ ಸರಿ. ಇನ್ನು ಎರಡು ವಾರ ಡಬ್ಬಿ ಅಲ್ಲಾಡಿಸದೆ ಇಡಲಿ. ಆಮೇಲೆ ಮುದ್ದೆಯ ಮೇಲ್ಭಾಗದ ಫೋಟೊ ಕಳಿಸಿ, ಹೊಸ ಫಂಗಸ್ ಅಲ್ಲೇ ಮೊದಲು ಕಾಣುವುದು.