ಬಳಗದ ಅರ್ಧ ಜನರಿಗೆ ಐಆರ್‌ಸಿ ಚಾನಲ್ ಪ್ರವೇಶವಿಲ್ಲ: ಜಾಲವನ್ನೇ ಬದಲಿಸಬೇಕೇ?

ರಾಯಚೂರು_ಬಳಗ:
ರಾಯಚೂರು, ಮಾನ್ವಿ, ಸಿಂಧನೂರಿನ ಸುಮಾರು ಮೂವತ್ತು ಜನರ ಲಿನಕ್ಸ್ ಬಳಗ ನಮ್ಮದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಮಾಂಡುಗಳೂ ಎರರ್ ಸಂದೇಶಗಳೂ ಹಬ್ಬದ ಶುಭಾಶಯಗಳ ನಡುವೆ ಹೂತುಹೋಗುತ್ತವೆ ಎಂಬ ಕಾರಣಕ್ಕೆ ಬರಹದಲ್ಲೇ ಮಾತಾಡುವ ಹಳೆಯ ಇಂಟರ್ನೆಟ್ ಹರಟೆ ವ್ಯವಸ್ಥೆಯಾದ ಐಆರ್‌ಸಿಯಲ್ಲಿ, ಲಿಬೆರಾ ಎಂಬ ಜಾಲದ ಮೇಲೆ ಚಾನಲ್ (ಹರಟೆ ಕೋಣೆ) ತೆರೆದೆವು. ಎರಡು ವಾರ ಕಳೆದರೂ ಅರ್ಧ ಜನರಿಗೆ ಒಳಗೆ ಬರಲಾಗುತ್ತಿಲ್ಲ. ನನಗೆ ಮಾತ್ರ ಮನೆಯಿಂದ ಸರಾಗವಾಗಿ ಸಂಪರ್ಕ ಸಿಗುತ್ತದೆ. ಸಾಲದೆಂಬಂತೆ ಕನ್ನಡದ ಸಂದೇಶಗಳು ಕೊನೆಯಲ್ಲಿ ತುಂಡಾಗುತ್ತವೆ. ಅಕ್ಕಿ ಗಿರಣಿಯ ಪಾಳಿ ಮುಗಿಸಿ ರಾತ್ರಿ ಹತ್ತರ ಮೇಲೆ ಕಲಿಯಲು ಕೂರುವ ಹುಡುಗರು ಬಾಗಿಲಲ್ಲೇ ನಿಂತು ಹಿಂದಿರುಗುವುದನ್ನು ನೋಡಲಾಗುತ್ತಿಲ್ಲ. ಲಿಬೆರಾ, ಇನ್ನೊಂದು ಐಆರ್‌ಸಿ ಜಾಲವಾದ ಒಎಫ್‌ಟಿಸಿ, ಐಆರ್‌ಸಿಯಲ್ಲದ ಬೇರೆಯೇ ಹರಟೆ ವ್ಯವಸ್ಥೆಯಾದ ಮ್ಯಾಟ್ರಿಕ್ಸ್, ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಕೌಲ್‌ಬಜಾರ್_ಬಳ್ಳಾರಿ:
ಇದು ಪೋರ್ಟಿನ (ಸರ್ವರ್‌ಗೆ ಸಂಪರ್ಕಿಸುವ ಬಾಗಿಲ ಸಂಖ್ಯೆಯ) ಸಮಸ್ಯೆ. 6667 ಬಿಟ್ಟು, ಟಿಎಲ್‌ಎಸ್ (ಗೂಢಲಿಪಿಯ ರಕ್ಷಣೆ) ಸಹಿತ 6697 ಬಳಸಲು ಎಲ್ಲರಿಗೂ ತಿಳಿಸಿರಿ.

ರಾಯಚೂರು_ಬಳಗ:
ಮೊದಲ ದಿನದಿಂದಲೂ ಎಲ್ಲರೂ 6697ನ್ನೇ ಬಳಸುತ್ತಿದ್ದಾರೆ.

ಕೌಲ್‌ಬಜಾರ್_ಬಳ್ಳಾರಿ:
ಹಾಗಾದರೆ ಅವರ ಕಡೆಯ ಫೈರ್‌ವಾಲ್ ಅದನ್ನು ತಡೆಯುತ್ತಿರಬೇಕು. ನಾನು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಝೆಡ್‌ಎನ್‌ಸಿ ಎಂಬ ಬೌನ್ಸರ್ (ನಮ್ಮ ಪರವಾಗಿ ಸದಾ ಸಂಪರ್ಕದಲ್ಲಿರುವ ತಂತ್ರಾಂಶ) ಇಟ್ಟುಕೊಂಡಿದ್ದೇನೆ; ಅದಕ್ಕೆ ಇನ್ವರ್ಟರ್ ಆಸರೆಯಿದೆ. ಬೇಸಿಗೆಯಲ್ಲಿ ಕರೆಂಟ್ ಹೋದರೂ ಸಂಪರ್ಕ ಕಡಿಯುವುದಿಲ್ಲ, ಹಿಂದಿನ ಮಾತುಗಳೂ ಉಳಿಯುತ್ತವೆ. ಬಳಗಕ್ಕೂ ಅಂಥದೊಂದನ್ನು ಇಟ್ಟು, ಮತ್ತೊಮ್ಮೆ ಪೋರ್ಟ್ ಪರೀಕ್ಷಿಸಿರಿ.

ಕೊಪ್ಪಳ_ಕೋಟೆ:
ಮೂವತ್ತು ಜನರಿಗೂ ಬೌನ್ಸರ್ ನಡೆಸುವ ಹೊರೆ ಯಾಕೆ? ಒಎಫ್‌ಟಿಸಿಗೆ ಹೋಗಿರಿ. ಲಿನಕ್ಸ್ ವಿತರಣೆಯಾದ ಡೆಬಿಯನ್ 2006ರಲ್ಲೇ ಅಲ್ಲಿಗೆ ಬಂದು ಇಂದಿಗೂ ಅಲ್ಲಿದೆ. ಲಿಬೆರಾ ಎಂದರೆ ಹೆಸರು ಬದಲಿಸಿಕೊಂಡ ಹಳೆಯ ಐಆರ್‌ಸಿ ಜಾಲ ಫ್ರೀನೋಡ್ ಅಷ್ಟೇ.

ಕೌಲ್‌ಬಜಾರ್_ಬಳ್ಳಾರಿ:
ಇದನ್ನು ನಾನು ಒಪ್ಪುವುದಿಲ್ಲ. 2021ರ ಮೇ ತಿಂಗಳಲ್ಲಿ ಫ್ರೀನೋಡ್‌ನ ಸ್ವಯಂಸೇವಕ ಸಿಬ್ಬಂದಿ ಒಡೆತನದ ವಿವಾದದಿಂದ ಹೊರಬಂದು ಲಿಬೆರಾವನ್ನು ಹೊಸದಾಗಿ ಕಟ್ಟಿದರು. ಅದನ್ನು ಹೆಸರು ಬದಲಾವಣೆ ಎನ್ನುವುದು ಅವರ ದುಡಿಮೆಗೆ ಮಾಡುವ ಅನ್ಯಾಯ.

ಕೊಪ್ಪಳ_ಕೋಟೆ:
ನನ್ನ ಮಾತು ತಪ್ಪಾಗಿತ್ತು, ಒಪ್ಪುತ್ತೇನೆ. ಆದರೂ ಲಿಬೆರಾದಲ್ಲಿ ಹೆಸರಿನ ಮೊದಲು ಒಂಟಿ ಹ್ಯಾಶ್ (#) ಗುರುತಿನ ಚಾನಲ್‌ಗಳು ಯೋಜನೆಗಳಿಗೆ ಮೀಸಲು. ಯೋಜನೆಯಾಗಿ ನೋಂದಾಯಿಸದ ಬಳಗಗಳು ಜೋಡಿ ಹ್ಯಾಶ್ (##) ಹಾಕಬೇಕು. ಹೊಸಬರು ಅಲ್ಲೇ ತಪ್ಪುತ್ತಾರೆ.

ಗಂಗಾವತಿ_ರಾತ್ರಿಪಾಳಿ:
ಒಳಗೆ ಬರಲಾಗದವರಿಗೆ ತೆರೆಯ ಮೇಲೆ ಯಾವ ಸಂದೇಶ ಕಾಣಿಸುತ್ತದೆ? ಅವರು ಯಾವ ಸಂಪರ್ಕದಿಂದ ಬರುತ್ತಾರೆ? ಯಾರ ಸಂದೇಶಗಳು ತುಂಡಾಗುತ್ತವೆ? ಈ ಮೂರು ತಿಳಿಯದೆ ಜಾಲ ಬದಲಿಸಿದರೆ ತೊಂದರೆಯೂ ಜೊತೆಗೇ ಬರುತ್ತದೆ.

ರಾಯಚೂರು_ಬಳಗ:
ಎಸ್‌ಎಎಸ್‌ಎಲ್ (ಸಂಪರ್ಕಿಸುವಾಗಲೇ ಖಾತೆಯ ಹೆಸರು, ಗುಪ್ತಪದ ತೋರಿಸುವ ವಿಧಾನ) ಮೂಲಕ ಗುರುತಿಸಿಕೊಳ್ಳಬೇಕೆಂದು ಬರುತ್ತದೆ. ಅವರೆಲ್ಲರೂ ಮೊಬೈಲ್ ಡೇಟಾದವರು. ನಮ್ಮ ಕಡೆ ಬಹುತೇಕರು ಹಾಗೆಯೇ ಇರುವುದರಿಂದ ಬೇರೆಯಾಗಿ ಬರೆಯಲಿಲ್ಲ. ತುಂಡಾಗುವುದು ನಾನು ಪೈಥಾನ್‌ನಲ್ಲಿ ಬರೆದ ಬಾಟ್ (ತಾನಾಗಿ ಸಂದೇಶ ಹಾಕುವ ತಂತ್ರಾಂಶ) ಹಾಕುವ ಪ್ರಕಟಣೆಗಳು.

ಗಂಗಾವತಿ_ರಾತ್ರಿಪಾಳಿ:
ಅಲ್ಲಿಗೆ ಎರಡೂ ಗಂಟು ಬಿಚ್ಚಿದಂತಾಯಿತು. ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ಐಪಿವಿ4 (ಇಂಟರ್ನೆಟ್) ವಿಳಾಸದ ಹಿಂದೆ ಕೂರಿಸುತ್ತವೆ. ಅವರಲ್ಲಿ ಯಾರೋ ಒಬ್ಬರು ಕಿಡಿಗೇಡಿತನ ಮಾಡಿದರೂ ಜಾಲದವರು ಆ ಇಡೀ ವಿಳಾಸ ಸಾಲಿನಿಂದ ಬರುವ ಎಲ್ಲರಿಗೂ, ಖಾತೆಯ ಗುಪ್ತಪದ ತೋರಿಸಿಯೇ ಒಳಬರಬೇಕೆಂಬ ನಿಯಮ ಹಾಕುವುದುಂಟು. ತೊಡಕೇನೆಂದರೆ, ಖಾತೆ ತೆರೆಯುವುದಕ್ಕೂ ಮೊದಲು ಒಳಗೆ ಹೋಗಿರಬೇಕು. ಆದ್ದರಿಂದ ಹುಡುಗರನ್ನು ನಿಮ್ಮ ಮನೆಗೆ ಕರೆದು, ನಿಮ್ಮ ಬ್ರಾಡ್‌ಬ್ಯಾಂಡ್‌ನಿಂದ ಒಬ್ಬೊಬ್ಬರಾಗಿ ಜಾಲದ ಖಾತೆ ಸೇವೆಯಾದ ನಿಕ್‌ಸರ್ವ್‌ನಲ್ಲಿ ಹೆಸರು ನೋಂದಾಯಿಸಿ, ಬಳಿಕ ಅವರವರ ಫೋನಿನ ಆ್ಯಪ್‌ನಲ್ಲಿ ಎಸ್‌ಎಎಸ್‌ಎಲ್ ತುಂಬಿಸಿರಿ. ಮುಂದೆ ಮೊಬೈಲ್ ಡೇಟಾದಲ್ಲೂ ಬಾಗಿಲು ತೆರೆಯುತ್ತದೆ.

ಬಾಟ್‌ನ ವಿಷಯ ಬೇರೆ. ಐಆರ್‌ಸಿಯಲ್ಲಿ ಒಂದು ಸಾಲಿಗೆ, ಕಳುಹಿಸಿದವರ ಗುರುತು, ಚಾನಲ್ ಹೆಸರು ಎಲ್ಲ ಸೇರಿ 512 ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಸ್ವರಚಿಹ್ನೆ, ಸೊನ್ನೆಗಳೂ ಬೇರೆ ಬೇರೆ ಸಂಕೇತಗಳೇ. ‘ಸಿಂಧನೂರು’ ಎಂಬ ಒಂದು ಪದಕ್ಕೆ 24 ಬೈಟ್ ಹೋಗುತ್ತದೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ Sindhanur ಎಂದು ಬರೆದರೆ 9 ಸಾಕು. ಹೆಕ್ಸ್‌ಚಾಟ್‌ನಂಥ ತಂತ್ರಾಂಶ ಉದ್ದ ಸಾಲನ್ನು ತಾನಾಗಿಯೇ ಮುರಿದು ಕಳುಹಿಸುತ್ತದೆ, ಕೈಯಾರೆ ಬರೆದ ಬಾಟ್‌ಗೆ ಅದನ್ನು ನಾವೇ ಕಲಿಸಬೇಕು. ಅಕ್ಷರಗಳನ್ನು ಎಣಿಸದೆ, ಎನ್‌ಕೋಡ್ ಮಾಡಿದ ಮೇಲಿನ ಬೈಟ್‌ಗಳನ್ನು ಎಣಿಸಿ, 400ರ ಒಳಗೆ ಪದಗಳ ನಡುವಿನ ತೆರಪಿನಲ್ಲಿ ಕತ್ತರಿಸಿರಿ.

ಕೊಪ್ಪಳ_ಕೋಟೆ:
ಮ್ಯಾಟ್ರಿಕ್ಸ್ ಆದರೆ ಈ 512ರ ಕಾಟವೂ ಇಲ್ಲ, ಹಳೆಯ ಮಾತುಗಳನ್ನೂ ಸರ್ವರೇ ಇಟ್ಟುಕೊಳ್ಳುತ್ತದೆ.

ಗಂಗಾವತಿ_ರಾತ್ರಿಪಾಳಿ:
ನಿಜ, ನಾನೂ ಅದನ್ನು ಮೆಚ್ಚುತ್ತೇನೆ. ಆದರೆ ಎರಡೂ ಕಡೆಯ ಸಂದೇಶಗಳನ್ನು ದಾಟಿಸುತ್ತಿದ್ದ, ಲಿಬೆರಾಕ್ಕಿದ್ದ ಮ್ಯಾಟ್ರಿಕ್ಸ್ ಸೇತುವೆ 2023ರಲ್ಲಿ ನಿಂತಿತು. ಅದನ್ನೇ ನಂಬಿ ಅರ್ಧ ಜನ ಇಲ್ಲಿ, ಅರ್ಧ ಜನ ಅಲ್ಲಿ ಉಳಿಯುವಂತಿಲ್ಲ. ಹೋಗುವುದಾದರೆ ಎಲ್ಲರೂ ಹೋಗಬೇಕು.

ರಾಯಚೂರು_ಬಳಗ:
ಭಾನುವಾರ ಒಂಬತ್ತು ಜನರ ನೋಂದಣಿ ಮುಗಿಯಿತು. ಅದೇ ರಾತ್ರಿ ಅವರಲ್ಲಿ ಏಳು ಜನ ಗಿರಣಿಯ ಬಳಿಯಿಂದಲೇ ಮೊಬೈಲ್ ಡೇಟಾದಲ್ಲಿ ಒಳಗೆ ಬಂದರು. ಉಳಿದ ಇಬ್ಬರ ಆ್ಯಪ್‌ನಲ್ಲಿ ಎಸ್‌ಎಎಸ್‌ಎಲ್ ತುಂಬಿಸುವ ಜಾಗವೇ ಕಾಣಿಸುತ್ತಿಲ್ಲ. ಆಂಡ್ರಾಯ್ಡ್‌ನಲ್ಲಿ ಯಾವ ಆ್ಯಪ್ ಸೂಕ್ತವೆಂದು ಬಳಸುತ್ತಿರುವವರು ತಿಳಿಸಿರಿ.

ಕೌಲ್‌ಬಜಾರ್_ಬಳ್ಳಾರಿ:
ಆ ಇಬ್ಬರ ಪೋರ್ಟನ್ನೂ ಒಮ್ಮೆ ನೋಡಿಬಿಡಿರಿ.