ಹಂಪ್‌ಗೆ ಕಾರಿನ ಅಡಿ ಉಜ್ಜುತ್ತೆ, ಸ್ಪೇಸರ್ ಹಾಕಿಸಬಹುದಾ?

ಕಾಫಿಸೀಮೆ:
ಹತ್ತು ವರ್ಷದ ಪೆಟ್ರೋಲ್ ಸೆಡಾನ್, 82 ಸಾವಿರ ಕಿ.ಮೀ. ಆಗಿದೆ. ಗ್ರೌಂಡ್ ಕ್ಲಿಯರೆನ್ಸ್ ಪುಸ್ತಕದಲ್ಲಿ 165 ಮಿ.ಮೀ. ಇಬ್ಬರೇ ಇದ್ರೆ ತೊಂದರೆ ಇಲ್ಲ. ಐದು ಜನ ಕೂತು ಡಿಕ್ಕಿ ತುಂಬಿದ್ರೆ ಬೇಲೂರಿಂದ ಚಿಕ್ಕಮಗಳೂರಿನ ತನಕ ಸಿಗೋ ಹಂಪ್‌ಗೆಲ್ಲ ಅಡಿ ಉಜ್ಜುತ್ತೆ. ಸಣ್ಣ ಗುಂಡಿಗೂ ಮುಂದೆ ಎಡಗಡೆ ಟಕ್ ಟಕ್ ಸದ್ದು. ಕಾರು ಎತ್ತರ ಆಗೋಕೆ ಸ್ಪ್ರಿಂಗ್ ಸುತ್ತುಗಳ ಮಧ್ಯೆ ರಬ್ಬರ್ ತುಂಡು (ಸ್ಪೇಸರ್) ಹಾಕಿಸಿ ಅಂತಾರೆ. ಏನ್ಮಾಡ್ಲಿ?

ಬಿಎಂ ರೋಡ್:
ಸ್ಪೇಸರ್ ಆಮೇಲೆ, ಮೊದಲು ಟೇಪ್ ಹಿಡೀರಿ ಸರ್. ಸಮ ನೆಲ, ಖಾಲಿ ಡಿಕ್ಕಿ, ಟೈರಿಗೆ ಸರಿಯಾದ ಗಾಳಿ. ಚಕ್ರದ ನಡುವಿಂದ ಅದರ ಮೇಲಿನ ಫೆಂಡರ್ (ಬಾಡಿ ಕಮಾನು) ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಎಡ ಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಸ್ಪ್ರಿಂಗ್ ಮೇಲೆ ಅನುಮಾನ ಪಡಿ.

ಕಾರನ್ನ ಹೊತ್ತು ನಿಲ್ಲೋದು ಸ್ಪ್ರಿಂಗ್, ಕುಣಿತ ತಡೆಯೋ ಶಾಕಪ್ (ಶಾಕ್ ಅಬ್ಸಾರ್ಬರ್) ಅಲ್ಲ. ಶಾಕಪ್ ಸತ್ತಿದ್ರೂ ನಿಂತ ಕಾರಿನ ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಆದ್ರೆ ಹಂಪ್ ಇಳಿದ್ಮೇಲೆ ಕಾರು ಕುಣಿದು ಆಗ ತಾಗುತ್ತೆ. ಹಂಪ್ ಮೇಲಿರುವಾಗಲೇ ಉಜ್ಜಿದ್ರೆ ಎತ್ತರದ ಸಮಸ್ಯೆ.

ಮೂಲೆ ಒತ್ತಿ ಬಿಟ್ರೆ ಒಂದು, ಒಂದೂವರೆ ಕುಣಿತಕ್ಕೆ ನಿಲ್ಲಬೇಕು. ಪಾಸಾಯ್ತು ಅಂತ ಪೂರ್ತಿ ನಂಬಬೇಡಿ, ಅರ್ಧ ಸವೆದ ಶಾಕಪ್‌ಗಳೂ ಇದರಲ್ಲಿ ಪಾಸಾಗ್ತವೆ. ಶಾಕಪ್ ಮೈಮೇಲೆ ತೆಳ್ಳಗೆ ಎಣ್ಣೆ ಜಿಡ್ಡಿದ್ರೆ ಪರವಾಗಿಲ್ಲ. ಒದ್ದೆಯಾಗಿ ಕೆಳಗಿನ ತನಕ ಇಳಿದಿದ್ರೆ ಆ ಆಕ್ಸಲ್‌ನ ಎರಡನ್ನೂ ಬದಲಿಸಿ. ಟೈರ್ ಮೇಲೆ ಕೈಯಾಡಿಸಿ, ಅಲ್ಲಲ್ಲಿ ತಗ್ಗು ದಿಣ್ಣೆ ಸಿಕ್ಕಿದ್ರೂ ಶಾಕಪ್ ಕಡೆಗೇ ಬೆರಳು.

ಸ್ಪ್ಯಾನರ್ 17:
ಟಕ್ ಟಕ್‌ಗೆ ನನ್ನ ಮೊದಲ ಅನುಮಾನ ಲಿಂಕ್ ರಾಡ್ (ಕಾರು ವಾಲದಂತೆ ತಡೆಯೋ ಆಂಟಿ-ರೋಲ್ ಬಾರನ್ನ ಸಸ್ಪೆನ್ಷನ್‌ಗೆ ಜೋಡಿಸೋ ಸಣ್ಣ ಕಡ್ಡಿ), ಆಮೇಲೆ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿಯೋ ಕೆಳತೋಳಿನ ರಬ್ಬರ್). ಲಿಂಕ್ ರಾಡ್ ನೋಡುವಾಗ ಒಂದೇ ಕಡೆ ಜಾಕ್ ಎತ್ತಬೇಡಿ, ಆ ಬಾರ್ ತಿರುಚಿಕೊಂಡು ಜಾಯಿಂಟ್ ಬಿಗಿಯಾಗಿ ಪ್ಲೇ (ಸಡಿಲ) ಮುಚ್ಚಿಹೋಗುತ್ತೆ. ಎರಡೂ ಚಕ್ರ ನೆಲದ ಮೇಲಿರಲಿ, ಇಲ್ಲಾ ಎರಡೂ ನೇತಾಡಲಿ.

ಆಮೇಲೆ ಸ್ಟ್ಯಾಂಡ್ ಕೊಟ್ಟು ಚಕ್ರ ಅಲ್ಲಾಡಿಸಿ. ಮೇಲೆ ಕೆಳಗೆ ಹಿಡಿದಾಗ ಪ್ಲೇ ಇದ್ರೆ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಅಥವಾ ಚಕ್ರದ ಬೇರಿಂಗ್. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಪ್ಲೇ ಮಾಯವಾದ್ರೆ ಬೇರಿಂಗ್. ಎಡಕ್ಕೆ ಬಲಕ್ಕೆ ಮಾತ್ರ ಆಡಿದ್ರೆ ಟೈರಾಡ್ ಎಂಡ್ (ಸ್ಟೀರಿಂಗ್ ಕಡ್ಡಿಯ ತುದಿ ಕೀಲು).

ಆರ್ಮ್ ಬುಷ್ ಬದಲಿಸಿದ್ರೆ ಬೋಲ್ಟಿನ ಕೊನೇ ಬಿಗಿ ಚಕ್ರದ ಮೇಲೆ ಭಾರ ಬಿಟ್ಟ ಮೇಲೇ ಆಗಬೇಕು. ಜಾಕ್ ಮೇಲೆ ನೇತಾಡುವಾಗಲೇ ಬಿಗಿದ್ರೆ ಕಾರು ಇಳಿಸಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಬೇಕಾದಷ್ಟು ಗ್ಯಾರೇಜ್‌ಗಳು ಇದನ್ನ ತಲೆಗೆ ಹಾಕ್ಕೊಳ್ಳಲ್ಲ, ನಿಂತು ಮಾಡಿಸಿ. ಕೊನೇಲಿ ಅಲೈನ್‌ಮೆಂಟ್.

ಹೇಮಾವತಿ ದಂಡೆ:
ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಲೆಕ್ಕದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 25 ಕಿ.ಮೀ. ವೇಗಕ್ಕೆ. ನಮ್ಮೂರುಗಳಲ್ಲಿ ಇರೋದು ಗಿಡ್ಡ ಅಗಲದ, ಚೂಪು ನೆತ್ತಿಯವು. ಐದು ಜನಕ್ಕೆ ಕಾರು ಮೂರ್ನಾಲ್ಕು ಸೆಂ.ಮೀ. ಕೂರೋದು ಸಹಜ, ಹಾಗಾಗಿ ಓಡಿಸೋ ರೀತೀಲೂ ಉಳಿಸಬೇಕು. ಬ್ರೇಕ್ ಹಂಪ್‌ಗೆ ಮುಂಚೆಯೇ ಮುಗಿಸಿ. ಒತ್ತಿಕೊಂಡೇ ಹತ್ತಿದ್ರೆ ಮೂತಿ ಬಾಗಿ ಬಂಪರ್, ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಎರಡೂ ಕೆಳಗಿಳೀತವೆ. ಫಸ್ಟ್ ಗೇರ್, ಬ್ರೇಕ್ ಬಿಟ್ಟು ನಿಧಾನ, ಹಿಂದಿನ ಚಕ್ರ ಇಳಿದ್ಮೇಲೆ ಆಕ್ಸಿಲರೇಟರ್. ಓರೆಯಾಗಿ ಹತ್ತಿಸಿದ್ರೆ ಹೊಟ್ಟೆ ತಪ್ಪಬಹುದು, ಆದ್ರೆ ಎದುರಿಗೆ ಬೈಕ್ ಬರೋ ಸಣ್ಣ ರಸ್ತೇಲಿ ಬೇಡ.

ದೊಡ್ಡ ಟೈರ್ ಆಸೆಯೂ ಬೇಡ. 185/65 ಆರ್15 ತೆಗೆದು 195/65 ಹಾಕಿದ್ರೆ ಸಿಗೋದು ಆರೂವರೆ ಮಿ.ಮೀ. ಅಷ್ಟೆ.

ಕಾಫಿಸೀಮೆ:
ಅಳೆದೆ. ಮುಂದೆ ಎರಡೂ ಸಮ. ಹಿಂದೆ ಎಡಕ್ಕೆ 18 ಮಿ.ಮೀ. ಕಮ್ಮಿ.

ಸ್ಪ್ಯಾನರ್ 17:
ಹಾಗಾದ್ರೆ ಹಿಂದಿನ ಎಡ ಸ್ಪ್ರಿಂಗಿನ ಕೆಳಗಿನ ಸುತ್ತು ತೊಳೆದು ಟಾರ್ಚ್ ಬಿಟ್ಟು ನೋಡಿ. ಸ್ಪ್ರಿಂಗ್ ಕೂರೋ ತಟ್ಟೆಯಲ್ಲಿ ಕೆಸರು ನಿಂತು ತುಕ್ಕು ಹಿಡಿದು ಅಲ್ಲೇ ಮುರಿಯೋದು, ಮಳೆ ಸೀಮೆಯಲ್ಲಂತೂ ಮಾಮೂಲಿ. ಮುರಿದಿದ್ರೆ ಹಿಂದಿನ ಎರಡೂ ಸ್ಪ್ರಿಂಗ್ ಹೊಸದು, ಅಲ್ಲಿಯವರೆಗೆ ಭಾರ ಹಾಕಬೇಡಿ. ಮುರಿದ ಸ್ಪ್ರಿಂಗಿನ ಮಧ್ಯೆ ಸ್ಪೇಸರ್ ಮಾತೇ ಇಲ್ಲ. ಮುಂದಿನ ಲಿಂಕ್ ರಾಡ್ ಬೇರೆ ಕೆಲಸ, ಅದೇ ದಿನ ಮಾಡಿಸಿ.