ಟೀನೇಜ್ ಮಕ್ಕಳ ಜೊತೆ ಊರಿಗೆ ವಾಪಸ್ ಬರೋರಿಗೆ

ಬೇಸಿಗೆಗೆ ಅಮೆರಿಕದಿಂದ ಶಿವಮೊಗ್ಗಕ್ಕೆ ಶಿಫ್ಟ್ ಆಗ್ತಿದೀವಿ, ಮಗಳು ಒಂಬತ್ತನೇ ಕ್ಲಾಸು, ಏನೇನ್ ನೋಡ್ಕೋಬೇಕು ಅಂತ ಕೇಳಿದ್ರಲ್ಲ, ಸ್ಕೂಲು ಬಾಡಿಗೆ ಮನೆ ಬಗ್ಗೆ ಎಲ್ರೂ ಹೇಳಿದಾರೆ, ನಾನು ಬೇರೆ ವಿಷಯ ಹೇಳ್ತೀನಿ, ಮಕ್ಕಳಿಗೆ ಸಾಯೋ ಯೋಚನೆ ಬಂದ್ರೆ ಏನ್ ಮಾಡ್ಬೇಕು ಅನ್ನೋದು, ದಯವಿಟ್ಟು ಪೂರ್ತಿ ಓದಿ.

ನಾವೂ ನ್ಯೂಜೆರ್ಸಿಯಿಂದ ಬಂದು ತೀರ್ಥಹಳ್ಳಿ ಹತ್ರ ಇದೀವಿ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಹೀಗೇ ಅಲ್ಲಿಂದ ಬಂದೋನು. ಊಟಕ್ಕೆ ಕರೆದ್ರೆ ಬರ್ತಿರ್ಲಿಲ್ಲ, ರಾತ್ರಿಯೆಲ್ಲಾ ನಿದ್ದೆ ಇಲ್ಲ, ಸಣ್ಣದಕ್ಕೂ ಸಿಟ್ಟು. ವಯಸ್ಸೇ ಹಾಗೆ, ಮಳೆಗಾಲ ಬೇರೆ, ಸರಿ ಹೋಗ್ತಾನೆ ಅಂದ್ರು ಎಲ್ರೂ. ಒಂದಿನ ಅಲ್ಲಿಂದ ಹೊತ್ಕೊಂಡು ಬಂದಿದ್ದ ಗಿಟಾರನ್ನ ಪಕ್ಕದ ಮನೆ ಹುಡುಗನಿಗೆ ಕೊಟ್ಬಿಟ್ಟ, ಯಾಕೋ ಅಂದ್ರೆ "ನಂಗಿನ್ನು ಯಾಕೆ ಅದು" ಅಂದ. ಅವನಮ್ಮಂಗೆ ಅಲ್ಲೇ ಹೊಳೀತು. ಜಗಲಿ ಮೇಲೆ ಪಕ್ಕ ಕೂತು ನೇರವಾಗೇ ಕೇಳಿದ್ರು, "ಸಾಯ್ಬೇಕು ಅಂತ ಅನ್ನಿಸ್ತಿದ್ಯಾ ಮಗಾ?" ಹೂಂ ಅಂದ. ಬೈಲಿಲ್ಲ, ಬುದ್ಧಿ ಹೇಳ್ಲಿಲ್ಲ, ಅವನು ಹೇಳಿ ಮುಗಿಸೋ ತನಕ ಕೇಳಿಸ್ಕೊಂಡ್ರು, ರಾತ್ರಿ ಅವನ ರೂಮಲ್ಲೇ ಮಲಗಿದ್ರು, ಬೆಳಿಗ್ಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮನೋವೈದ್ಯರ ಹತ್ರ ಕರ್ಕೊಂಡು ಹೋದ್ರು. ಈಗ ಪಿಯುಸಿ ಓದ್ತಿದಾನೆ, ಕೌನ್ಸೆಲಿಂಗ್ ಇನ್ನೂ ನಡೀತಿದೆ.

ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗತ್ತೆ ಅಂತ ತುಂಬಾ ಜನ ಹೆದರ್ತಾರೆ. ಹಾಗಾಗಲ್ಲ, ಅಧ್ಯಯನಗಳೂ ಇದನ್ನೇ ಹೇಳ್ತವೆ. "ಯಾರಿಗೂ ಹೇಳ್ಬೇಡ" ಅಂತ ಮಗು ಕೇಳಿದ್ರೆ ಮಾತ್ರ ಆ ಮಾತು ಕೊಡ್ಬೇಡಿ, ಡಾಕ್ಟರಿಗೆ ಹೇಳ್ಲೇಬೇಕು, ಜೊತೆಗೆ ನಾನಿರ್ತೀನಿ ಅನ್ನಿ.

ಇನ್ನೊಂದು, ಊರಲ್ಲಿ ತೋಟದ ಮನೆ ಇದ್ರೆ ಅಡಿಕೆಗೆ ಹೊಡೆಯೋ ಔಷಧಿ ಎಲ್ಲೆಂದ್ರಲ್ಲಿ ಇರತ್ತೆ. ಅದಕ್ಕೆ ಬೀಗ ಹಾಕಿಸಿ, ಅಜ್ಜ ಅಜ್ಜಿ ಮಾತ್ರೆ ಡಬ್ಬಿನೂ, ಕೋವಿ ಇದ್ರೆ ಅದೂ ಒಳಗೆ, ಬೀಗದ ಕೈ ದೊಡ್ಡವರ ಹತ್ರ. ಮಾವನೋರಿಗೆ ಇದೇನು ಅತಿ ಅನ್ನಿಸ್ಬಹುದು, ಅನ್ನಿಸ್ಲಿ ಬಿಡಿ. ಸಾಯೋ ಯೋಚನೆ ಜೋರಾಗಿರೋದು ಎಷ್ಟೋ ಸಲ ಸ್ವಲ್ಪ ಹೊತ್ತು ಮಾತ್ರ, ಆ ಹೊತ್ತಲ್ಲಿ ಕೈಗೆ ಏನೂ ಸಿಗಬಾರ್ದು.

ಅಮೆರಿಕದಲ್ಲಿ ಇಂಥ ಹೊತ್ತಲ್ಲಿ ಫೋನ್ ಮಾಡೋ ಸಹಾಯವಾಣಿ 988 ಇಲ್ಲಿಂದ ಸಿಗಲ್ಲ. ಇಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, 2022ರ ಅಕ್ಟೋಬರಿಂದ ಇದೆ, ಫ್ರೀ, 24 ಗಂಟೆನೂ, ಕನ್ನಡದಲ್ಲೂ ಮಾತಾಡ್ತಾರೆ, ಅಪ್ಪ ಅಮ್ಮನೂ ಮಾಡಬಹುದು. ಅಪಾಯ ಈಗಲೇ ಅನ್ನಿಸಿದ್ರೆ ಮಗುನ ಒಂಟಿ ಬಿಡ್ಬೇಡಿ, ತುರ್ತು ಸಹಾಯದ ನಂಬರ್ 112ಕ್ಕೆ ಮಾಡಿ.

ಮತ್ತೆ ನಿಮ್ಮ ಮಗಳ ಅಮೆರಿಕದ ಫ್ರೆಂಡ್ಸ್ ಜೊತೆ ಮಾತು ನಿಲ್ಲೋ ಹಾಗೆ ಮಾಡ್ಬೇಡಿ. ಜೂನ್ ಬಂತು ಅಂದ್ರೆ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗತ್ತೆ, ಮಳೆ ಹಿಡಿಯೋ ಮೊದ್ಲೇ ಯುಪಿಎಸ್ ಹಾಕಿಸ್ಕೊಳ್ಳಿ.